ಅಮೃತಮಹಲ್ ಕಾವಲುಗಳು: ರಾಸುಗಳ ಮೇವು, ಹುಲ್ಲೆಗಳ ನೆಲೆ

ಹಳೆಯ ಮೈಸೂರು ಸೀಮೆಯ ಬಯಲುನಾಡಿನಲ್ಲಿ, ಮುಖ್ಯವಾಗಿ ಇಂದಿನ ಚಿಕ್ಕಮಗಳೂರು, ಚಿತ್ರದುರ್ಗ, ಹಾಸನ ಮತ್ತು ತುಮಕೂರು ಜಿಲ್ಲೆಗಳಲ್ಲಿ, ಹೊಲ, ತೋಟ, ಊರುಗಳ ನಡುವೆ ಬಿಡಿಬಿಡಿಯಾಗಿ ಉಳಿದಿರುವ ವಿಶಾಲವಾದ ಹುಲ್ಲುಬಯಲುಗಳಿಗೆ ಅಮೃತಮಹಲ್ ಕಾವಲುಗಳೆಂಬ ಹೆಸರು ಇಂದಿಗೂ ನಿಂತಿದೆ. ಕಾವಲು ಎಂದರೆ ಸರ್ಕಾರಿ ರಾಸುಗಳ ಮೇವಿಗೆಂದು ಗಡಿ ಗುರುತಿಸಿ, ಹೊರಗಿನ ದನಕುರಿಗಳು ನುಗ್ಗದಂತೆ ಆಳುಗಳನ್ನಿಟ್ಟು ಕಾಯುತ್ತಿದ್ದ ಹುಲ್ಲುಗಾವಲು. ಅಮೃತಮಹಲ್ ಎಂದರೆ ಆ ರಾಸುಗಳನ್ನು ಸಾಕಿ, ತಳಿಯನ್ನು ಕಾಪಾಡಿ, ಸೈನ್ಯಕ್ಕೆ ಎತ್ತುಗಳನ್ನು ಒದಗಿಸುತ್ತಿದ್ದ ಸರ್ಕಾರಿ ಇಲಾಖೆ. ಒಂದೇ ಬೇಲಿಯೊಳಗಿನ ಜಮೀನಾಗಿರದೆ ಹಲವು ತಾಲ್ಲೂಕುಗಳಲ್ಲಿ ಹರಡಿಕೊಂಡಿದ್ದ ಇನ್ನೂರರಷ್ಟು ಕಾವಲುಗಳನ್ನು ಒಂದೇ ಆಡಳಿತದ ಕೆಳಗೆ ಹಿಡಿದಿಟ್ಟಿದ್ದ ಈ ಇಲಾಖೆಯ ಸ್ವಾಧೀನದಲ್ಲಿ ಅದರ ಏಳಿಗೆಯ ಕಾಲದಲ್ಲಿ ಸುಮಾರು 4 ಲಕ್ಷ ಎಕರೆ ನೆಲವಿತ್ತು. ಅಮೃತಮಹಲಿನ ಚರಿತ್ರೆಯನ್ನು ಸಾಮಾನ್ಯವಾಗಿ ಯುದ್ಧ ಮತ್ತು ಎತ್ತುಗಳ ಚರಿತ್ರೆಯಾಗಿ ಬರೆಯಲಾಗಿದೆ. ಆದರೆ ದಕ್ಷಿಣದ ಬಯಲುಸೀಮೆಯಲ್ಲಿ ಕೃಷ್ಣಮೃಗ, ತೋಳ, ಗುಳ್ಳೆನರಿ ಮತ್ತು ಹುಲ್ಲುಗಾವಲಿನ ಹಕ್ಕಿಗಳು ಇಷ್ಟು ಕಾಲ ಬದುಕುಳಿಯಲು ನೆಲೆ ಒದಗಿಸಿದ್ದೂ ಇದೇ ಇಲಾಖೆಯ ಕಟ್ಟುಪಾಡುಗಳು ಎಂಬುದು ಅಷ್ಟೇ ಮಹತ್ವದ ಸಂಗತಿ. ವನ್ಯಜೀವಿಗಳ ರಕ್ಷಣೆಯೆಂಬ ಉದ್ದೇಶವೇ ಇಲ್ಲದ ಕಾಲದಲ್ಲಿ, ಎತ್ತುಗಳಿಗಾಗಿ ಹುಲ್ಲನ್ನು ಕಾದದ್ದರಿಂದ ಅವುಗಳಿಗೂ ರಕ್ಷಣೆ ದೊರಕಿತು. ಈ ಎರಡು ಚರಿತ್ರೆಗಳನ್ನು ಬೇರ್ಪಡಿಸಿ ನೋಡಿದರೆ ಎರಡೂ ಅರ್ಧವಾಗುತ್ತವೆ.

ಇಲಾಖೆಯ ಮೂಲ ವಿಜಯನಗರದ ಕಾಲದಷ್ಟು ಹಿಂದಕ್ಕೆ ಹೋಗುತ್ತದೆ. ಹದಿನಾರನೆಯ ಶತಮಾನದ ಕೊನೆಯ ದಶಕಗಳಲ್ಲಿ ಶ್ರೀರಂಗಪಟ್ಟಣದಲ್ಲಿದ್ದ ವಿಜಯನಗರದ ರಾಜಪ್ರತಿನಿಧಿಯ ಬಳಿ ಹಳ್ಳಿಕಾರ್ ಹಸುಗಳ ಹಿಂಡೊಂದಿತ್ತು. ಅದಕ್ಕೆ ಕರುಹಟ್ಟಿ ಎಂಬ ಹೆಸರಿತ್ತು. 1610ರಲ್ಲಿ ರಾಜ ಒಡೆಯರು ಶ್ರೀರಂಗಪಟ್ಟಣವನ್ನು ವಶಪಡಿಸಿಕೊಂಡ ಮೇಲೆ ಈ ಹಿಂಡು ಮೈಸೂರು ಅರಸರ ಪಾಲಾಯಿತು. ಮುಂದೆ ಬಂದ ಚಾಮರಾಜ ಒಡೆಯರು ಮತ್ತು ಕಂಠೀರವ ನರಸರಾಜ ಒಡೆಯರು ತಮ್ಮ ಹಿಂಡುಗಳನ್ನು ಕಟ್ಟಿ ಅವುಗಳಿಗೆ ಕಾವಲುಗಳನ್ನು ಗೊತ್ತುಮಾಡಿದರು. ಆದರೆ ಈ ಚದುರಿದ ಹಿಂಡುಗಳಿಗೆ ಇಲಾಖೆಯ ರೂಪ ಕೊಟ್ಟವರು ಚಿಕ್ಕದೇವರಾಜ ಒಡೆಯರು. 1673ರಿಂದ 1704ರವರೆಗೆ ಆಳಿದ ಅವರು ರಾಜ್ಯದ ಆಡಳಿತವನ್ನು ಹದಿನೆಂಟು ಚಾವಡಿಗಳಾಗಿ, ಅಂದರೆ ಪ್ರತ್ಯೇಕ ಕಚೇರಿಗಳಾಗಿ, ವಿಂಗಡಿಸಿದಾಗ ಅವುಗಳಲ್ಲಿ ಒಂದು ಬೆಣ್ಣೆ ಚಾವಡಿಯಾಗಿತ್ತು. ಅರಮನೆಗೆ ಹಾಲು, ಬೆಣ್ಣೆ ಒದಗಿಸುವುದರ ಜತೆಗೆ ರಾಸುಗಳ ತಳಿ ಬೆಳೆಸುವುದೂ ಅದರ ಹೊಣೆಯಾಗಿದ್ದು, ರಾಜ್ಯದ ಬೇರೆಬೇರೆ ಕಡೆಗಳಲ್ಲಿ ಹುಲ್ಲುಗಾವಲುಗಳನ್ನು ಅದರ ಸ್ವಾಧೀನಕ್ಕೆ ಬಿಟ್ಟುಕೊಡಲಾಗಿತ್ತು.

ಹೈದರಾಲಿಯ ಕಾಲಕ್ಕೆ ಇಲಾಖೆಯ ಗುರಿಯೇ ಬದಲಾಯಿತು. ಅರಮನೆಯ ಬೆಣ್ಣೆಗಿಂತ ಫಿರಂಗಿ ಎಳೆಯುವ ಎತ್ತು ಮುಖ್ಯವಾಯಿತು. ಚಿತ್ರದುರ್ಗ, ಹಾಗಲವಾಡಿ ಮೊದಲಾದ ಪಾಳೆಯಪಟ್ಟುಗಳನ್ನು ಗೆದ್ದುಕೊಂಡಾಗ ಆ ಪಾಳೆಯಗಾರರು ಸಾಕಿದ್ದ ಹೆಸರುವಾಸಿ ಹಿಂಡುಗಳನ್ನೂ ಹೈದರ್ ತನ್ನದಾಗಿಸಿಕೊಂಡನು; ಹೀಗೆ ಹಳ್ಳಿಕಾರ್, ಹಾಗಲವಾಡಿ ಮತ್ತು ಚಿತ್ರದುರ್ಗ ಎಂಬ ಮೂರು ಕವಲುಗಳು ಒಂದೇ ಇಲಾಖೆಯಡಿ ಬಂದವು. ರಾಜ್ಯದ ನಾನಾ ಕಡೆಗಳಲ್ಲಿ ಅವನ 60,000 ಎತ್ತುಗಳಿದ್ದವೆಂದು ಹೇಳಿಕೆಯಿದೆ. ಟಿಪ್ಪು ಸುಲ್ತಾನನು ಬೆಣ್ಣೆ ಚಾವಡಿಯ ಹೆಸರನ್ನು ಅಮೃತಮಹಲ್ ಎಂದು ಬದಲಿಸಿದ್ದಷ್ಟೇ ಅಲ್ಲದೆ, ರಾಸುಗಳ ಪಾಲನೆ, ವಿಂಗಡಣೆ, ಪಳಗಿಸುವ ಕ್ರಮ, ಸಿಬ್ಬಂದಿಯ ಹೊಣೆಗಾರಿಕೆಗಳನ್ನು ವಿವರಿಸುವ ಹುಕುಂನಾಮೆಯನ್ನು, ಅಂದರೆ ಲಿಖಿತ ನಿಯಮಾವಳಿಯನ್ನು, ಹೊರಡಿಸಿದನು. ವರ್ಷಕ್ಕೊಮ್ಮೆ ಹಿಂಡುಗಳನ್ನು ಒಂದೆಡೆ ಸೇರಿಸಿ ನಡೆಸುತ್ತಿದ್ದ ಎಣಿಕೆಗೆ ಖುದ್ದಾಗಿ ಹೋಗಿ, ಚೆನ್ನಾಗಿ ಸಾಕಿದ ದನಗಾಹಿಗಳಿಗೆ ಇನಾಮು ಕೊಡುತ್ತಿದ್ದನೆಂದೂ ಉಲ್ಲೇಖಗಳಿವೆ. ಆ ಕಾಲದ ಯುದ್ಧಗಳಲ್ಲಿ ಮೈಸೂರು ಸೈನ್ಯದ ವೇಗಕ್ಕೆ ಈ ಎತ್ತುಗಳೇ ಕಾರಣವೆಂಬುದನ್ನು ಎದುರಾಳಿಗಳೂ ಒಪ್ಪಿದ್ದರು. ಚಿದಂಬರದ ರಕ್ಷಣೆಗೆಂದು ಹೈದರನ ಸೈನ್ಯ ಎರಡೂವರೆ ದಿನಗಳಲ್ಲಿ 100 ಮೈಲಿ ಸಾಗಿದ್ದು, ಬಿದನೂರನ್ನು ಮರಳಿ ಪಡೆಯಲು ಟಿಪ್ಪುವಿನ ಸೈನ್ಯ ಒಂದು ತಿಂಗಳಲ್ಲಿ ಪರ್ಯಾಯ ದ್ವೀಪವನ್ನು ಅಡ್ಡಹಾಯ್ದದ್ದು, ಸೋತ ದಿನವೂ ಫಿರಂಗಿಗಳನ್ನು ಶತ್ರುವಿನ ಕಣ್ಣೆದುರೇ ಎಳೆದುಕೊಂಡು ಹೋಗಲು ಸಾಧ್ಯವಾದದ್ದು, ಇವೆಲ್ಲ ಅಮೃತಮಹಲ್ ಎತ್ತುಗಳ ಕಾಲಿನ ಬಲದಿಂದಲೇ ಆದವು.

1799ರಲ್ಲಿ ಶ್ರೀರಂಗಪಟ್ಟಣ ಪತನವಾದ ಮೇಲೆ ಹಿಂಡುಗಳು ಮೈಸೂರು ಸರ್ಕಾರದ ಉಸ್ತುವಾರಿಗೆ ಬಂದವು. ಬ್ರಿಟಿಷ್ ಸೈನ್ಯಕ್ಕೆ ಎತ್ತುಗಳನ್ನು ಒದಗಿಸಬೇಕಾದ ಹೊಣೆ ಅದರ ಮೇಲಿತ್ತು. 1803ರ ಮರಾಠಾ ಯುದ್ಧದಲ್ಲಿ ಈ ಎತ್ತುಗಳನ್ನು ಬಳಸಿದ ಆರ್ಥರ್ ವೆಲ್ಲೆಸ್ಲಿ ಅವುಗಳ ಕಸುವನ್ನು ಬಹುವಾಗಿ ಮೆಚ್ಚಿಕೊಂಡಿದ್ದನಲ್ಲದೆ, ಮುಂದೆ ಸ್ಪೇನ್ ಮತ್ತು ಪೋರ್ಚುಗಲ್‌ನ ಯುದ್ಧಭೂಮಿಯಲ್ಲಿದ್ದಾಗ ಮೈಸೂರಿನ ಎತ್ತುಗಳು ತನ್ನ ಬಳಿ ಇಲ್ಲವಲ್ಲ ಎಂದು ಕೊರಗಿದನೆಂದು ಪ್ರತೀತಿ. ಆದರೆ ಹೊಸ ವ್ಯವಸ್ಥೆಯಲ್ಲಿ ಹಿಂಡುಗಳ ಮೇಲಿನ ನಿಗಾ ಸಡಿಲಗೊಂಡು ಗುಣಮಟ್ಟ ಕುಸಿದದ್ದರಿಂದ, 1813ರಲ್ಲಿ ಮದ್ರಾಸ್ ಸೈನ್ಯದ ಸರಬರಾಜು ಇಲಾಖೆಯ ಕ್ಯಾಪ್ಟನ್ ಹಾರ್ವಿ ಎಂಬ ಅಧಿಕಾರಿಯನ್ನು ಉಸ್ತುವಾರಿಗೆ ನೇಮಿಸಲಾಯಿತು. ಅಲ್ಲಿಂದ ಹಿಂಡುಗಳು ಮತ್ತೆ ಚೇತರಿಸಿಕೊಂಡವು.

ಇಲಾಖೆಗೆ ಬಿದ್ದ ದೊಡ್ಡ ಪೆಟ್ಟು 1860ರದು. ಮದ್ರಾಸಿನ ಗವರ್ನರ್ ಆಗಿದ್ದ ಸರ್ ಚಾರ್ಲ್ಸ್ ಟ್ರೆವೆಲಿಯನ್ ಖರ್ಚು ತಗ್ಗಿಸುವ ಸಲುವಾಗಿ ಇಲಾಖೆಯನ್ನೇ ಮುಚ್ಚಿ ಹಿಂಡುಗಳನ್ನು ಮಾರಿಸಿದನು. ತಲೆಮಾರುಗಳ ಆಯ್ಕೆಯಿಂದ ಬೇರೆಬೇರೆಯಾಗಿಯೇ ಕಾಪಾಡಿಕೊಂಡು ಬಂದಿದ್ದ ಮೂರು ಕವಲುಗಳು ಅಂದಿಗೆ ಚದುರಿಹೋದವು. ಕೆಲವೇ ವರ್ಷಗಳಲ್ಲಿ ಸೈನ್ಯಕ್ಕೆ ತಕ್ಕ ಎತ್ತುಗಳು ಸಿಗದೆ, ಸಿಕ್ಕಿದವುಗಳ ಬೆಲೆ ಕೈಗೆಟುಕದೆ, 1866ರಲ್ಲಿ ಇಲಾಖೆಯನ್ನು ಹೊಸದಾಗಿ ಕಟ್ಟಬೇಕಾಯಿತು. ಈ ಸಲ ಕೂಡಿಸಿದ ಹಿಂಡುಗಳಲ್ಲಿ ಹಳೆಯ ಕವಲುಗಳ ಭೇದ ಉಳಿಯಲಿಲ್ಲವಾದ್ದರಿಂದ, ಇಂದು ಅಮೃತಮಹಲ್ ತಳಿಯೆಂದು ಕರೆಯುವ ರಾಸು ಒಂದರ್ಥದಲ್ಲಿ 1866ರ ಈ ಮರುಹುಟ್ಟಿನ ಕೂಸು. ಕೆಲವೇ ವರ್ಷಗಳ ಖರ್ಚು ಉಳಿಸಿದ್ದಕ್ಕಾಗಿ ಇನ್ನೂರು ವರ್ಷಗಳ ಆಯ್ಕೆಯ ಫಲವನ್ನು ಕಳೆದುಕೊಂಡ ಈ ನಿರ್ಧಾರ ಸಂಸ್ಥೆಯ ಚರಿತ್ರೆಯಲ್ಲೇ ಅತ್ಯಂತ ದುಬಾರಿಯಾದದ್ದು. 1882ರಲ್ಲಿ ಮೈಸೂರು ಸರ್ಕಾರ ಹಿಂಡುಗಳನ್ನು ಮದ್ರಾಸ್ ಸರ್ಕಾರದಿಂದ ಕೊಂಡುಕೊಂಡಿತು. 1923ರವರೆಗೆ ಸೈನಿಕ ಇಲಾಖೆಯ ಅಂಗವಾಗಿಯೇ ಇದ್ದ ಅಮೃತಮಹಲ್ ಆ ವರ್ಷ ಕೃಷಿ ಇಲಾಖೆಗೆ ವರ್ಗವಾಯಿತು. ಮುಂದೆ ಅದು ಪಶುಸಂಗೋಪನಾ ಇಲಾಖೆಯ ಭಾಗವಾಗಿ, ಅಜ್ಜಂಪುರದ ತಳಿ ಸಂವರ್ಧನಾ ಕೇಂದ್ರ ಮತ್ತು ಬೀರೂರು, ಬಾಸೂರು, ಲಿಂಗದಹಳ್ಳಿ ಮೊದಲಾದ ಉಪಕೇಂದ್ರಗಳ ಮೂಲಕ ಮುಂದುವರಿಯಿತು. ತಿಪಟೂರಿನ ಸಮೀಪದ ಕೊನೇಹಳ್ಳಿಯಲ್ಲಿರುವ ಜಾನುವಾರು ಸಂಶೋಧನಾ ಕೇಂದ್ರವೂ ಇದೇ ಪರಂಪರೆಗೆ ಸೇರಿದ್ದು.

ಇಷ್ಟು ಕಾಲದ ಏಳುಬೀಳುಗಳ ನಡುವೆಯೂ ಹೆಚ್ಚು ಬದಲಾಗದೆ ಉಳಿದದ್ದು ಕಾವಲುಗಳನ್ನು ಬಳಸುವ ಕ್ರಮ. ಬಯಲುಸೀಮೆಯ ಮಳೆ ಕಡಮೆ. ಅದೂ ಊರಿಂದೂರಿಗೆ, ತಿಂಗಳಿಂದ ತಿಂಗಳಿಗೆ ಏರುಪೇರಾಗುವಂಥದು. ಒಂದೇ ಕಡೆ ವರ್ಷವಿಡೀ ದೊಡ್ಡ ಹಿಂಡನ್ನು ನಿಲ್ಲಿಸಿದರೆ ಬೇಸಿಗೆ ಬರುವ ಮೊದಲೇ ನೆಲ ಬೋಳಾಗುತ್ತದೆ. ಇದನ್ನು ಅರಿತಿದ್ದ ಇಲಾಖೆ ತನ್ನ ಕಾವಲುಗಳನ್ನು ಬೇಸಿಗೆ ಕಾವಲು, ಮಳೆಗಾಲದ ಕಾವಲು ಮತ್ತು ಚಳಿಗಾಲದ ಕಾವಲು ಎಂದು ಮೂರಾಗಿ ವಿಂಗಡಿಸಿಕೊಂಡಿತ್ತು. ಕೆರೆಯ ಅಂಗಳವೋ ಹಳ್ಳವೋ ಇದ್ದು ನೀರು ಬತ್ತದ, ಮರಗಳ ನೆರಳು ಸಿಗುವ ದೊಡ್ಡ ಕಾವಲುಗಳನ್ನು ಬೇಸಿಗೆಗೆ ಮೀಸಲಿಟ್ಟು, ಅಲ್ಲಿನ ಹುಲ್ಲನ್ನು ಅಲ್ಲಿಯವರೆಗೆ ಯಾರೂ ಮುಟ್ಟದಂತೆ ಕಾಯುತ್ತಿದ್ದರು. ಮುಂಗಾರಿನ ಮೊದಲ ಮಳೆ ಬಿದ್ದು ಹುಲ್ಲು ಚಿಗುರಿದ ಕಡೆಗೆ ಹಿಂಡುಗಳನ್ನು ಹೊಡೆದುಕೊಂಡು ಹೋದರೆ, ಬಿಟ್ಟುಬಂದ ಕಾವಲಿನ ಹುಲ್ಲು ಮಳೆಗಾಲವಿಡೀ ಬೆಳೆದು, ತೆನೆ ಬಿಟ್ಟು, ಬೀಜ ಉದುರಿಸಿ, ಒಣಗಿ ಕರಡವಾಗಿ ನಿಲ್ಲುತ್ತಿತ್ತು. ಪ್ರತಿ ಕಾವಲಿಗೂ ವರ್ಷದಲ್ಲಿ ಮೇಯುವ ಕಾಲವೂ ದಣಿವಾರಿಸಿಕೊಳ್ಳುವ ಕಾಲವೂ ಇದ್ದುದರಿಂದಲೇ ಅದೇ ನೆಲದಲ್ಲಿ ಶತಮಾನಗಳ ಕಾಲ ಸಾವಿರಾರು ರಾಸುಗಳು ಮೇದರೂ ಹುಲ್ಲು ನಾಶವಾಗಲಿಲ್ಲ. ಹಿಂಡಿನ ಈ ನಡಿಗೆಗೆ ಕಾವಲುಗಳು ಒಂದಕ್ಕೊಂದು ದೂರದಲ್ಲಿರುವುದು ಅಡ್ಡಿಯಾಗದೆ ಅನುಕೂಲವೇ ಆಗಿತ್ತು. ಒಂದು ತಾಲ್ಲೂಕಿನಲ್ಲಿ ಮಳೆ ಕೈಕೊಟ್ಟ ವರ್ಷ ಇನ್ನೊಂದರ ಹುಲ್ಲು ಹಿಂಡನ್ನು ಉಳಿಸುತ್ತಿತ್ತು.

ಈ ನೆಲದಲ್ಲಿ ಬೆಳೆದ ರಾಸುವಿನ ಲಕ್ಷಣಗಳು ನೆಲಕ್ಕೆ ತಕ್ಕಂತೆಯೇ ಇವೆ. ಬಿಳಿಯಿಂದ ಕಡುಬೂದಿಯವರೆಗಿನ ಮೈಬಣ್ಣ, ಹೋರಿಗಳಲ್ಲಿ ತಲೆ, ಕುತ್ತಿಗೆ, ಹಿಣಿಲು ಮತ್ತು ಹಿಂಭಾಗಗಳಲ್ಲಿ ಕಪ್ಪೇರಿದ ಛಾಯೆ. ಉದ್ದವಾಗಿ ಮೂತಿಯ ಕಡೆಗೆ ಕಿರಿದಾಗುವ ಮುಖ, ನಡುವೆ ಸಣ್ಣ ಸೀಳುಗೆರೆಯಿರುವ ಉಬ್ಬಿದ ಹಣೆ. ನೆತ್ತಿಯ ಮೇಲೆ ಒತ್ತೊತ್ತಾಗಿ ಹುಟ್ಟಿ, ಹಿಂದಕ್ಕೂ ಮೇಲಕ್ಕೂ ಸಾಗಿ, ಕೊನೆಗೆ ಒಳಕ್ಕೆ ಬಾಗಿ ಚೂಪಾದ ಕಪ್ಪು ತುದಿಯಲ್ಲಿ ಮುಗಿಯುವ ಉದ್ದನೆಯ ಕೊಂಬುಗಳು. ಮೈಗೆ ಬಿಗಿದುಕೊಂಡ ಚರ್ಮ, ಸಣ್ಣ ಕಿವಿ, ತೆಳು ಗಂಗೆದೊಗಲು, ಕಲ್ಲುನೆಲದಲ್ಲಿ ಸವೆಯದ ಗಟ್ಟಿ ಗೊರಸು. ಹಸು ಕೊಡುವ ಹಾಲು ಕಡಮೆ. ಕೊಟ್ಟದ್ದೆಲ್ಲ ಕರುವಿಗೇ ಮೀಸಲು. ಕಾವಲಿನಲ್ಲಿಯೇ ಹುಟ್ಟಿ, ಕೊಟ್ಟಿಗೆಯನ್ನಾಗಲಿ ಗೊಂತನ್ನಾಗಲಿ ಕಾಣದೆ, ಮಳೆ ಬಿಸಿಲುಗಳಲ್ಲೇ ಬೆಳೆಯುವ ಈ ದನಗಳು ಅರೆಗಾಡು ಪ್ರಾಣಿಗಳಂತೆಯೇ ಇರುತ್ತವೆ. ಅವು ತಮ್ಮ ದನಗಾಹಿಯ ಕೂಗನ್ನು ಗುರುತಿಸುತ್ತವೆಯೇ ಹೊರತು ಅಪರಿಚಿತರನ್ನು ಹತ್ತಿರ ಬಿಟ್ಟುಕೊಳ್ಳುವುದಿಲ್ಲ. ತೋಳ ಸುಳಿದಾಡುವ ಬಯಲಿನಲ್ಲಿ ಎಳಗರುಗಳನ್ನು ಉಳಿಸಿಕೊಳ್ಳಬೇಕಾದ ತಾಯಿಹಸುವಿಗೆ ಈ ಎಚ್ಚರವೂ ಸಿಡುಕೂ ಇರಲೇಬೇಕಾದ ಗುಣಗಳು. ತಳಿಯ ಸ್ವಭಾವವನ್ನು ರೂಪಿಸುವಲ್ಲಿ ಸೈನ್ಯದ ಬೇಡಿಕೆಯಷ್ಟೇ ಪಾಲು ಕಾವಲಿನ ಬದುಕಿಗೂ ಇದೆ ಎಂಬುದಕ್ಕೆ ಇದೊಂದು ಸಾಕ್ಷಿ.

ಇಂಥ ರಾಸುವನ್ನು ನೊಗಕ್ಕೆ ತರುವುದು ಸುಲಭದ ಕೆಲಸವಾಗಿರಲಿಲ್ಲ. ಹೋರಿಗರುಗಳನ್ನು ಮೂರನೆಯ ವರ್ಷದ ಹೊತ್ತಿಗೆ ಹಿಂಡಿನಿಂದ ಬೇರ್ಪಡಿಸಿ, ಗಟ್ಟಿ ಬೇಲಿಯ ದೊಡ್ಡಿಯೊಳಕ್ಕೆ ಓಡಿಸಿ, ಕೊರಳಿಗೆ ಕುಣಿಕೆ ಹಾಕಿ, ನೆಲದಲ್ಲಿ ಆಳವಾಗಿ ಹೂತ ಕಂಬಕ್ಕೆ ಬಿಗಿಯುತ್ತಿದ್ದರು. ಕೆಲವು ದಿನ ಹಗ್ಗವನ್ನು ಜಗ್ಗಿ ಜಗ್ಗಿ ಸುಸ್ತಾಗಿ, ಮನುಷ್ಯನ ಕೈಯಿಂದ ಮೇವು ತಿನ್ನುವುದನ್ನು ರೂಢಿಸಿಕೊಂಡ ಮೇಲೆ, ಪಳಗಿದ ಹಿರಿಯ ಎತ್ತೊಂದರ ಜತೆ ಜೋಡಿ ಕಟ್ಟಿ ನಡೆದಾಡಿಸುತ್ತಿದ್ದರು. ಎಳೆಯದು ಎಷ್ಟೇ ಎಗರಾಡಿದರೂ ಹಿರಿಯದು ತನ್ನ ನಡಿಗೆಯನ್ನು ಬದಲಿಸದೆ ಇರುವುದರಿಂದ ಕ್ರಮೇಣ ಹೊಸದೂ ಅದೇ ಹೆಜ್ಜೆಗೆ ಒಗ್ಗುತ್ತಿತ್ತು. ಐದನೆಯ ವರ್ಷದ ಸುಮಾರಿಗೆ ಕೆಲಸಕ್ಕೆ ಸಿದ್ಧವಾದ ಎತ್ತು ಹನ್ನೆರಡು ವರ್ಷದವರೆಗೂ ಕಸುವು ಕುಂದದೆ ದುಡಿಯುತ್ತಿತ್ತು. ಸೈನ್ಯದ ಬೇಡಿಕೆ ನಿಂತು ದಶಕಗಳೇ ಕಳೆದಿದ್ದರೂ ಈ ತಳಿಯ ಮೇಲಿನ ರೈತರ ಅಭಿಮಾನ ಕುಂದಿಲ್ಲ. ಅಜ್ಜಂಪುರ ಕೇಂದ್ರದ ಹೋರಿಗರುಗಳ ಹರಾಜಿಗೆ ಮಧ್ಯ ಕರ್ನಾಟಕದ ಹಲವು ಜಿಲ್ಲೆಗಳಿಂದ ರೈತರು ಬರುತ್ತಾರೆ. ಬಣ್ಣ, ಎತ್ತರ, ಕೊಂಬಿನ ಹೊಂದಿಕೆ ನೋಡಿ ಜೋಡಿಯಾಗಿ ಕೂಗುವ ಕರುಗಳಿಗೆ ಲಕ್ಷ ರೂಪಾಯಿ ಮೀರಿ ಬೆಲೆ ಬರುವುದುಂಟು; ಕೊಂಡ ಕರುಗಳಿಗೆ ಅಲ್ಲಿಯೇ ಮೊದಲ ಬಾರಿಗೆ ಹಗ್ಗ ಬೀಳುವುದರಿಂದ, ಅವುಗಳನ್ನು ಹಿಡಿದು ವಾಹನಕ್ಕೆ ಏರಿಸುವುದೇ ನಾಲ್ಕಾರು ಗಟ್ಟಿಗರ ಕೆಲಸವಾಗುತ್ತದೆ.

ಕಾವಲಿನ ಸಸ್ಯಸಂಪತ್ತು ಕಾಡಿನದಲ್ಲ. ಬೀಳುನೆಲದ್ದೂ ಅಲ್ಲ. ಜೂನ್‌ನಿಂದ ಹಸುರೇರಿ ಡಿಸೆಂಬರ್ ಹೊತ್ತಿಗೆ ಹೊಂಬಣ್ಣಕ್ಕೆ ತಿರುಗುವ ಹುಲ್ಲಿನ ನಡುವೆ ಅಲ್ಲೊಂದು ಇಲ್ಲೊಂದು ಬಿಳಿಜಾಲಿ, ಕಲ್ಲುನೆಲದಲ್ಲಿ ಕಾರೆ, ಕವಳೆ, ಎಲಚಿ, ಬಂದರಿಕೆಯ ಪೊದೆಗಳು ಇರುವ ಈ ಬಗೆಯ ನೆಲವನ್ನು ವಿಜ್ಞಾನಿಗಳು ಸವನ್ನಾ ಎನ್ನುತ್ತಾರೆ. ಅಂದರೆ ಮರಗಳು ವಿರಳವಾಗಿದ್ದು ಹುಲ್ಲೇ ಪ್ರಧಾನವಾಗಿರುವ ನಿಸರ್ಗ ವ್ಯವಸ್ಥೆ. ಮರ ಕಡಮೆಯಿರುವುದು ಇದರ ಕೊರತೆಯಲ್ಲ. ಮಣ್ಣಿನ ಆಳ, ಮಳೆಯ ಪ್ರಮಾಣ, ಮೇಯುವ ಪ್ರಾಣಿಗಳ ಒತ್ತಡ, ಆಗಾಗ ಬೀಳುವ ಬೆಂಕಿ ಇವೆಲ್ಲ ಸೇರಿ ಸಾವಿರಾರು ವರ್ಷಗಳಿಂದ ಈ ನೆಲವನ್ನು ತೆರೆದಿಟ್ಟಿವೆ. ಇಲ್ಲಿನ ಪ್ರಾಣಿಪಕ್ಷಿಗಳು ಈ ತೆರೆದ ಬಯಲಿಗೆ ಹೊಂದಿಕೊಂಡೇ ವಿಕಾಸಗೊಂಡಿವೆ. ಈ ಒಂದು ತಿಳಿವಳಿಕೆ ಆಡಳಿತದ ಕಡತಗಳನ್ನು ಬೇಗ ಮುಟ್ಟಿದ್ದರೆ ಮುಂದೆ ಹೇಳಲಿರುವ ನಷ್ಟಗಳಲ್ಲಿ ಬಹುಪಾಲು ತಪ್ಪುತ್ತಿತ್ತು.

ಕಾವಲುಗಳ ಕಾಡುಪ್ರಾಣಿಗಳಲ್ಲಿ ಮೊದಲು ಕಣ್ಣಿಗೆ ಬೀಳುವುದು ಕೃಷ್ಣಮೃಗ. ಬೆನ್ನು ಕಡುಗಪ್ಪಾಗಿ ಹೊಟ್ಟೆ ಅಚ್ಚ ಬಿಳುಪಾಗಿರುವ, ತಿರುಚಿದ ನೀಳ ಕೊಂಬುಗಳ ಗಂಡು. ಕೊಂಬಿಲ್ಲದ ಕಂದುಬಣ್ಣದ ಹೆಣ್ಣು. ಇದು ಹುಲ್ಲನ್ನೇ ಮುಖ್ಯವಾಗಿ ಮೇಯುವ, ಶತ್ರುವನ್ನು ದೂರದಿಂದಲೇ ಕಂಡು ಓಟದಿಂದ ತಪ್ಪಿಸಿಕೊಳ್ಳುವ ಪ್ರಾಣಿಯಾದ್ದರಿಂದ ದಟ್ಟ ಮರಗಳ ನಡುವೆ ಇರಲೊಲ್ಲದು. ಅದರ ವೇಗವನ್ನು ಸರಿಗಟ್ಟಬಲ್ಲ ಒಂದೇ ಬೇಟೆಗಾರ ಪ್ರಾಣಿಯಾದ ಸಿವಂಗಿ ಒಂದು ಕಾಲಕ್ಕೆ ಮೈಸೂರಿನ ಬಯಲುಗಳಲ್ಲೂ ಇತ್ತು. ಅದನ್ನು ಹಿಡಿದು ಪಳಗಿಸಿ ಹುಲ್ಲೆಬೇಟೆಗೆ ಬಿಡುವುದು ಅರಸರ ವಿನೋದವಾಗಿತ್ತು. ಸಿವಂಗಿ ಈ ಸೀಮೆಯಿಂದ ಮರೆಯಾಯಿತು. 1952ರಲ್ಲಿ ದೇಶದಿಂದಲೇ ಅಳಿದುಹೋಯಿತೆಂದು ಘೋಷಣೆಯಾಯಿತು. ಕೃಷ್ಣಮೃಗ ಮಾತ್ರ ಕಾವಲುಗಳಲ್ಲಿ ಉಳಿದುಕೊಂಡಿತು. ಇದಕ್ಕೆ ಕಾವಲಿನ ಮೇವಿನ ಕ್ರಮವೇ ಬಹುಮಟ್ಟಿಗೆ ಕಾರಣವೆಂದು ತೋರುತ್ತದೆ. ಕೃಷ್ಣಮೃಗದ ಮರಿ ಹುಟ್ಟಿದ ಮೊದಲ ದಿನಗಳಲ್ಲಿ ತಾಯಿಯ ಹಿಂದೆ ಓಡದೆ ಎತ್ತರದ ಹುಲ್ಲಿನ ನಡುವೆ ಅಲುಗದೆ ಮಲಗಿ ಅಡಗಿರುತ್ತದೆ. ಬೆಳೆದ ಪ್ರಾಣಿಗಳಿಗಾದರೋ ಮೇಯಲೂ ಸುತ್ತ ಕಣ್ಣಾಡಿಸಲೂ ಗಿಡ್ಡ ಹುಲ್ಲಿನ ಬಯಲು ಬೇಕು. ಹಿಂಡು ಮೇದುಹೋದ ಕಾವಲಿನಲ್ಲಿ ಗಿಡ್ಡ ಹುಲ್ಲು, ಸರದಿಗಾಗಿ ಬಿಟ್ಟ ಕಾವಲಿನಲ್ಲಿ ಎತ್ತರದ ಹುಲ್ಲು, ಹೀಗೆ ಎರಡನ್ನೂ ಒಂದೇ ಸೀಮೆಯಲ್ಲಿ ವರ್ಷವಿಡೀ ಒದಗಿಸಿದ್ದು ಎತ್ತುಗಳಿಗಾಗಿ ಮಾಡಿದ ಏರ್ಪಾಡೇ. ಹೊರಗಿನವರು ಒಳನುಗ್ಗದಂತೆ ಕಾಯುವ ಕಾವಲುಗಾರನಿಂದ ಮರ ಕಡಿಯುವವರ ಕೈಯೂ ಬೇಲಿ ಮುಂದೊತ್ತುವವರ ಕೈಯೂ ನಿಂತಿತ್ತು.

ತೋಳದ ಸಂಗತಿ ಇಷ್ಟು ಸರಳವಲ್ಲ. ಬಯಲುಸೀಮೆಯ ತೋಳ ದೊಡ್ಡ ಕಾಡುಗಳ ಪ್ರಾಣಿಯಲ್ಲ. ಕಲ್ಲುಗುಡ್ಡದ ಬಿರುಕು, ಹಳ್ಳದ ದಂಡೆಯ ಬಿಲಗಳಲ್ಲಿ ಮರಿ ಹಾಕಿ, ಕೃಷ್ಣಮೃಗದ ಮರಿ, ಮೊಲ, ಇಲಿಗಳ ಜತೆಗೆ ಕುರಿ ಮೇಕೆಗಳನ್ನೂ ಹಿಡಿದು ಬದುಕುವ ಇದು ಕುರಿಗಾಹಿಗಳ ನೆರೆಯಲ್ಲೇ ತಲೆಮಾರುಗಳಿಂದ ಬಾಳಿದೆ. ಒಂದು ಕುರಿ ಹೋದರೆ ಕುಟುಂಬದ ಆದಾಯಕ್ಕೆ ಬೀಳುವ ಪೆಟ್ಟು ಸಣ್ಣದಲ್ಲ. ಹಾಗಿದ್ದೂ ತೋಳ ಈ ಸೀಮೆಯಲ್ಲಿ ಇಂದಿಗೂ ಉಳಿದಿರುವುದರ ಹಿಂದೆ ಕುರಿಗಾಹಿಗಳ ಸಹನೆಯ ಪಾಲು ದೊಡ್ಡದು ಎಂಬುದನ್ನು ವನ್ಯಜೀವಿಗಳ ಬಗೆಗಿನ ಬರಹಗಳು ಸಾಕಷ್ಟು ಗುರುತಿಸಿಲ್ಲ. ಗುಳ್ಳೆನರಿಗೆ ಇಂಥ ವಿರೋಧಿಗಳಿಲ್ಲ. ಮುಸ್ಸಂಜೆಗೆ ಹೊರಬಿದ್ದು ಇಲಿ, ಗೆದ್ದಲು, ಮಿಡತೆ, ಉದುರಿದ ಎಲಚಿಹಣ್ಣುಗಳಿಂದ ಹೊಟ್ಟೆ ಹೊರೆಯುವ ಈ ಪುಟ್ಟ ನರಿಗೆ ಬೇಕಾದದ್ದು ಹಲವು ಬಾಯಿಗಳ ಬಿಲ ತೋಡಿಕೊಳ್ಳಲು ಉಳುಮೆಯಾಗದ ನೆಲ. ಬಯಲುಸೀಮೆಯಲ್ಲಿ ಅಂಥ ನೆಲ ಉಳಿದಿರುವುದು ಹೆಚ್ಚಾಗಿ ಕಾವಲುಗಳಲ್ಲಿಯೇ.

ಹಕ್ಕಿಗಳ ಮಟ್ಟಿಗೆ ಕಾವಲು ಮತ್ತು ರಾಸುಗಳ ನಂಟು ಇನ್ನಷ್ಟು ಹತ್ತಿರದ್ದು. ಮೇಯುವ ದನದ ಕಾಲಿಗೆ ಬೆದರಿ ಹಾರುವ ಮಿಡತೆಗಳನ್ನು ಹಿಡಿಯಲು ಬೆಳ್ಳಕ್ಕಿ ಗೊರಸಿನ ಪಕ್ಕದಲ್ಲೇ ನಡೆದರೆ, ಕಾಜಾಣ ದನದ ಬೆನ್ನೇರಿ ಕುಳಿತು ಅಲ್ಲಿಂದಲೇ ಗಾಳಿಗೆ ಚಿಮ್ಮಿ ಹುಳು ಹಿಡಿದು ಮತ್ತೆ ಬೆನ್ನಿಗೇ ಮರಳುತ್ತದೆ. ಸಗಣಿಯ ಹುಳುಗಳನ್ನು ಕೆದಕುವ ಹಕ್ಕಿಗಳು ಬೇರೆ. ನೆಲದ ಮೇಲೆಯೇ ಮೊಟ್ಟೆಯಿಡುವ ಟಿಟ್ಟಿಭ, ಗೌಜಲಹಕ್ಕಿ, ಬುರ್ಲಿ, ನೆಲಗುಬ್ಬಿಗಳಿಗೆ ನೇಗಿಲು ಹಾಯದ ಹುಲ್ಲುನೆಲ ಬೇಕೇಬೇಕು. ಚಳಿಗಾಲದಲ್ಲಿ ಮಧ್ಯ ಏಷ್ಯಾದ ಹುಲ್ಲುಗಾವಲುಗಳಿಂದ ಸಾವಿರಾರು ಮೈಲಿ ಹಾರಿಬರುವ ಸೆಳೆವಗಳು, ಅಂದರೆ ಹುಲ್ಲಿನ ಮೇಲೆ ತಗ್ಗಿನಲ್ಲಿ ತೇಲುತ್ತ ಬೇಟೆ ಅರಸುವ ನೀಳರೆಕ್ಕೆಯ ಹದ್ದಿನ ಜಾತಿಯ ಹಕ್ಕಿಗಳು, ಹಗಲೆಲ್ಲ ಮಿಡತೆ, ಇಲಿ, ಸಣ್ಣ ಹಕ್ಕಿಗಳನ್ನು ಹಿಡಿದು ಸಂಜೆಗೆ ಮರವೇರದೆ ಎತ್ತರದ ಹುಲ್ಲಿನ ನಡುವೆ ನೆಲದ ಮೇಲೆಯೇ ಗುಂಪಾಗಿ ಇರುಳು ಕಳೆಯುತ್ತವೆ. ಆ ಹುಲ್ಲನ್ನು ಕತ್ತರಿಸಿದರೆ ಅಥವಾ ಸುಟ್ಟರೆ ಅವುಗಳಿಗೆ ಇರುಳಿನ ನೆಲೆಯೇ ತಪ್ಪುತ್ತದೆ. ಬಯಲುಸೀಮೆಯ ಅತಿದೊಡ್ಡ ಹಕ್ಕಿಯಾದ ಎರೆಭೂತ ಮಾತ್ರ ಈ ಪಟ್ಟಿಯಿಂದ ಬಹುತೇಕ ಅಳಿಸಿಹೋಗಿದೆ. ಕೃಷ್ಣಮೃಗ ಮತ್ತು ಎರೆಭೂತಗಳಿಗೆ ಹೆಸರಾಗಿದ್ದ ರಾಣೆಬೆನ್ನೂರಿನ ಬಯಲನ್ನು 1974ರಲ್ಲಿ ಅಭಯಾರಣ್ಯವೆಂದು ಘೋಷಿಸಿದರೂ, ಅಲ್ಲಿನ ಹುಲ್ಲುನೆಲದ ಬಹುಭಾಗ ನೀಲಗಿರಿ ನೆಡುತೋಪಾಗಿದ್ದುದರಿಂದ ಎರೆಭೂತ ಅಲ್ಲಿಂದ ಕಾಲ್ತೆಗೆಯಿತು. ಇಂದು ರಾಜ್ಯದಲ್ಲಿ ಅದರ ಕೊನೆಯ ನೆಲೆ ಬಳ್ಳಾರಿ ಜಿಲ್ಲೆಯ ಸಿರುಗುಪ್ಪದ ಸುತ್ತಲಿನ ಬಯಲು, ಅಲ್ಲಿಯೂ ಬೆರಳೆಣಿಕೆಯಷ್ಟು. ರಾಣೆಬೆನ್ನೂರು ಅಮೃತಮಹಲಿಗೆ ಸೇರಿದ ನೆಲವಲ್ಲದಿದ್ದರೂ, ಹುಲ್ಲನ್ನು ಬಿಟ್ಟು ಮರವನ್ನು ಕಾಯ್ದರೆ ಏನಾಗುತ್ತದೆಂಬುದನ್ನು ಕಾವಲುಗಳಿಗೆ ಅದು ತೋರಿಸಿಕೊಟ್ಟಿದೆ.

ಕಾವಲುಗಳ ಕುಸಿತ ಇಪ್ಪತ್ತನೆಯ ಶತಮಾನದ್ದು. ರೈಲು ಮತ್ತು ಮೋಟಾರು ಬಂಡಿಗಳು ಬಂದ ಮೇಲೆ ಸೈನ್ಯಕ್ಕೆ ಎತ್ತು ಬೇಡವಾಯಿತು. ಎತ್ತು ಬೇಡವಾದ ಮೇಲೆ ಅದಕ್ಕೆಂದು ಮೀಸಲಿಟ್ಟ ನೆಲ ಎಲ್ಲರ ಕಣ್ಣಿಗೂ ಖಾಲಿಯಾಗಿ ಕಂಡಿತು. ಸ್ವಾತಂತ್ರ್ಯದ ಹೊತ್ತಿನ ಆಹಾರದ ಅಭಾವದಲ್ಲಿ ಕಾವಲುಗಳನ್ನು ಬೇಸಾಯಕ್ಕೆ ಬಿಟ್ಟುಕೊಡಲಾಯಿತು, ಮುಂದೆ ಭೂರಹಿತರಿಗೆ ಹಂಚಲಾಯಿತು, ಊರುಗಳ ವಿಸ್ತರಣೆಗೂ ಸಂಸ್ಥೆಗಳಿಗೂ ನೀಡಲಾಯಿತು. ಹಸಿದವರಿಗೆ ನೆಲ ಕೊಟ್ಟದ್ದನ್ನು ತಪ್ಪೆನ್ನಲಾಗದು. ಆದರೆ ಯಾವ ಕಾವಲನ್ನು ಕೊಟ್ಟರೆ ಯಾವ ಋತುವಿನ ಸರದಿ ಮುರಿಯುತ್ತದೆಂಬ ಲೆಕ್ಕವನ್ನು ಯಾರೂ ಇಡಲಿಲ್ಲ. ಬೇಸಿಗೆಯ ಕಾವಲು ಹೋದರೆ ಹಿಂಡು ಬೇಸಿಗೆಯಲ್ಲೂ ಮಳೆಗಾಲದ ಕಾವಲಿನಲ್ಲೇ ನಿಲ್ಲಬೇಕಾಗುತ್ತದೆ. ಅಲ್ಲಿನ ಹುಲ್ಲಿಗೆ ಬೀಜ ಕಟ್ಟುವ ಅವಕಾಶ ತಪ್ಪುತ್ತದೆ, ಕೆಲವೇ ವರ್ಷಗಳಲ್ಲಿ ರಾಸುವೂ ಹುಲ್ಲೆಯೂ ಮುಟ್ಟದ ಮುಳ್ಳುಕಳೆ ಎದ್ದುನಿಲ್ಲುತ್ತದೆ. ಉಳಿದ ಕಾವಲುಗಳ ಕೆಲವೆಡೆ ಬಂಜರು ನೆಲವನ್ನು ಹಸಿರು ಮಾಡುವ ಹುಮ್ಮಸ್ಸಿನಲ್ಲಿ ನೀಲಗಿರಿ ಮತ್ತು ಅಕೇಶಿಯಾ ನೆಡಲಾಯಿತು. ಹುಲ್ಲಿಗೆ ಬೇಕಾದ ಬಿಸಿಲನ್ನು ಅವು ಕಸಿದವು. ಹೊರಗಿನಿಂದ ಬಂದ ಬಳ್ಳಾರಿ ಜಾಲಿಯಂತೂ ನೆಡುವವರ ಹಂಗಿಲ್ಲದೆ, ತನ್ನ ಕಾಯಿ ತಿಂದ ದನ, ಕುರಿ, ಹುಲ್ಲೆಗಳ ಸಗಣಿ ಹಿಕ್ಕೆಗಳ ಮೂಲಕವೇ ಹಬ್ಬಿತು.

ಚಳ್ಳಕೆರೆಯ ಕಾವಲುಗಳ ಕತೆ ಇವೆಲ್ಲಕ್ಕಿಂತ ಈಚಿನದು. ಚಿತ್ರದುರ್ಗ ಜಿಲ್ಲೆಯ ಈ ತಾಲ್ಲೂಕಿನ ವರವು, ಕುದಾಪುರ, ಉಳ್ಳಾರ್ತಿ ಕಾವಲುಗಳು ರಾಜ್ಯದಲ್ಲಿ ಉಳಿದಿದ್ದ ಅತಿ ದೊಡ್ಡ ಹುಲ್ಲುಬಯಲುಗಳಲ್ಲಿ ಸೇರಿದ್ದವು. ಅಮೃತಮಹಲ್ ಹಿಂಡುಗಳು ಇಲ್ಲಿಂದ ಹಿಂದೆ ಸರಿದ ಮೇಲೆಯೂ ಸುತ್ತಲಿನ ಹಳ್ಳಿಗಳ ದನಕುರಿಗಳು ಇಲ್ಲಿಯೇ ಮೇಯುತ್ತಿದ್ದವು. ಚಳ್ಳಕೆರೆಯ ಹೆಸರಾಂತ ಕಂಬಳಿ ನೇಯ್ಗೆಗೆ ಬೇಕಾದ ಉಣ್ಣೆ ಈ ಬಯಲಿನ ಕುರಿಗಳಿಂದ ಬರುತ್ತಿತ್ತು. 2008ರಿಂದೀಚೆಗೆ ರಕ್ಷಣಾ ಸಂಶೋಧನಾ ಸಂಸ್ಥೆಗೆ 4,290 ಎಕರೆ, ಭಾಭಾ ಅಣು ಸಂಶೋಧನಾ ಕೇಂದ್ರಕ್ಕೆ 1,810 ಎಕರೆ, ಭಾರತೀಯ ವಿಜ್ಞಾನ ಸಂಸ್ಥೆಗೆ 1,500 ಎಕರೆ, ಬಾಹ್ಯಾಕಾಶ ಸಂಸ್ಥೆಗೆ 573 ಎಕರೆ ಎಂದು ಈ ನೆಲವನ್ನು ಹಂಚಲಾಯಿತು. ಹಳ್ಳಿಗರ ವಿರೋಧ ಹೋರಾಟವಾಗಿ ಬೆಳೆದು, ಪ್ರಕರಣ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯವರೆಗೂ ಹೋಯಿತು. ಯೋಜನೆಗಳು ಮುಂದುವರಿದವು, 2017ರಲ್ಲಿ ವರವು ಕಾವಲಿನಲ್ಲಿ ವೈಮಾನಿಕ ಪರೀಕ್ಷಾ ನೆಲೆ ಉದ್ಘಾಟನೆಗೊಂಡಿತು. ದೇಶದ ರಕ್ಷಣೆಗೂ ವಿಜ್ಞಾನಕ್ಕೂ ನೆಲ ಬೇಕೆಂಬುದರಲ್ಲಿ ಎರಡು ಮಾತಿಲ್ಲ. ನೋವಿನ ಸಂಗತಿಯೆಂದರೆ, ಆಯ್ಕೆಯ ಹೊತ್ತಿನಲ್ಲಿ ಈ ಬಯಲನ್ನು ಯಾರೂ ಬಳಸದ ನೆಲವೆಂದು ಪರಿಗಣಿಸಿದ್ದು. ಅಲ್ಲಿ ಮೇಯುತ್ತಿದ್ದ ಕುರಿಗಳೂ ಅವುಗಳ ಹಿಂದಿದ್ದ ಕುಟುಂಬಗಳೂ ಹುಲ್ಲಿನಲ್ಲಿದ್ದ ಹಕ್ಕಿಗಳೂ ಲೆಕ್ಕಕ್ಕೆ ಬಾರದೆ ಹೋದದ್ದು.

ಇದಕ್ಕೆ ಪ್ರತಿಯಾಗಿ ಕಡೂರು ತಾಲ್ಲೂಕಿನ ಬಾಸೂರು ಕಾವಲಿನಲ್ಲಿ ಬೇರೆಯದೇ ದಾರಿ ತೆರೆದುಕೊಂಡಿತು. ಕೃಷ್ಣಮೃಗಗಳು ನೂರಾರು ಸಂಖ್ಯೆಯಲ್ಲಿ ಉಳಿದಿರುವ, ತೋಳ, ಗುಳ್ಳೆನರಿಗಳಿಗೂ ನೆಲೆಯಾಗಿರುವ ಈ ಕಾವಲಿನ 736 ಹೆಕ್ಟೇರ್, ಅಂದರೆ ಸುಮಾರು 1,800 ಎಕರೆ ನೆಲವನ್ನು ಸರ್ಕಾರ 2011ರಲ್ಲಿ ಬಾಸೂರು ಅಮೃತಮಹಲ್ ಕಾವಲ್ ಸಂರಕ್ಷಣಾ ಮೀಸಲು ಪ್ರದೇಶವೆಂದು ಘೋಷಿಸಿತು. ಸಂರಕ್ಷಣಾ ಮೀಸಲು ಎಂಬುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಗೆ 2002ರಲ್ಲಿ ತಂದ ತಿದ್ದುಪಡಿಯ ಮೂಲಕ ಬಂದ ಹೊಸ ಬಗೆಯ ರಕ್ಷಿತ ಪ್ರದೇಶ. ರಾಷ್ಟ್ರೀಯ ಉದ್ಯಾನದಂತೆ ಜನಜಾನುವಾರುಗಳನ್ನು ಪೂರ್ತಿ ಹೊರಗಿಡದೆ, ಸರ್ಕಾರಿ ನೆಲದಲ್ಲಿ ಸ್ಥಳೀಯರೊಡನೆ ಸಮಾಲೋಚಿಸಿಯೇ ಇದನ್ನು ರಚಿಸಬೇಕು. ಕಾವಲಿನಂಥ ನೆಲಕ್ಕೆ ಇದಕ್ಕಿಂತ ಹೊಂದುವ ಏರ್ಪಾಡು ಕಾನೂನಿನಲ್ಲಿ ಬೇರೊಂದಿಲ್ಲ. ಮೇಯುವ ದನವನ್ನೇ ಹೊರಹಾಕಿದರೆ ಹುಲ್ಲು ಒತ್ತಾಗಿ ಬೆಳೆದು, ಪೊದೆ ಹಬ್ಬಿ, ಕೃಷ್ಣಮೃಗಕ್ಕೆ ಬೇಕಾದ ತೆರವು ಮುಚ್ಚಿಹೋಗುವ ಅಪಾಯವಿದೆ. ಮೇವಿಗೆ ಮಿತಿಯೇ ಇಲ್ಲದಿದ್ದರೆ ನೆಲ ಬೋಳಾಗುವ ಅಪಾಯ. ಹಳೆಯ ಇಲಾಖೆಯ ಋತುವಾರು ಸರದಿ ಈ ಎರಡರ ನಡುವೆ ಕಂಡುಕೊಂಡ ಹದವಾಗಿತ್ತು. ಮೀಸಲು ಪ್ರದೇಶದ ಸುತ್ತಲಿನ ರೈತರ ಬೆಳೆಗೆ ಕೃಷ್ಣಮೃಗಗಳು ನುಗ್ಗುವುದೂ ಉಂಟು. ಒಳಗಿನ ಹುಲ್ಲು ಎಷ್ಟು ಚೆನ್ನಾಗಿ ಉಳಿಯುತ್ತದೆಯೋ ಹೊರಗಿನ ಹೊಲಕ್ಕೆ ಅಷ್ಟು ಒತ್ತಡ ತಗ್ಗುವುದರಿಂದ, ಹುಲ್ಲಿನ ಪಾಲನೆ ರೈತರ ಹಿತಕ್ಕೂ ಸಂಬಂಧಿಸಿದ್ದು. ಇಂಥ ಮೀಸಲು ಪ್ರದೇಶದ ಆಡಳಿತಕ್ಕೆ ಕಾಯ್ದೆ ಗೊತ್ತುಪಡಿಸಿರುವ ಸಮಿತಿಯಲ್ಲಿ ಅರಣ್ಯ ಇಲಾಖೆಯ ಪ್ರತಿನಿಧಿ ಸದಸ್ಯ ಕಾರ್ಯದರ್ಶಿಯಾಗಿದ್ದು, ವ್ಯಾಪ್ತಿಯ ಪ್ರತಿ ಗ್ರಾಮ ಪಂಚಾಯಿತಿಯಿಂದ ಒಬ್ಬರು, ವನ್ಯಜೀವಿ ಸಂರಕ್ಷಣೆಯಲ್ಲಿ ತೊಡಗಿರುವ ಸಂಘಟನೆಗಳಿಂದ ಮೂವರು, ಕೃಷಿ ಇಲಾಖೆಯಿಂದ ಒಬ್ಬರು ಮತ್ತು ಪಶುಸಂಗೋಪನಾ ಇಲಾಖೆಯಿಂದ ಒಬ್ಬರು ಸದಸ್ಯರಾಗಿರುತ್ತಾರೆ.